ಕರಿಯವ್ವನ ಹಿತ್ತಲಲ್ಲಿ ಜೋಡಿ ಹಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಆಲೂರು ರೈಲು ನಿಲ್ದಾಣದ ಹಿಂದಿನ ವಸತಿಗೃಹಗಳ ಸಾಲಿನಲ್ಲಿ ಕೊನೆಯ ಮನೆಯ ದೀಪವೊಂದೇ ಉರಿಯುತ್ತಿದೆ. ಹಿತ್ತಲ ಪಡಸಾಲೆಯಲ್ಲಿ ಕರಿಯವ್ವ ಮೊಣಕಾಲೂರಿ ಕುಳಿತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉದ್ದನೆಯ ಹಲಗೆಯ ಮೇಲೆ ಬಾಗಿ, ಇಕ್ಕಳದ ತುದಿಯಿಂದ ಒಂದು ಕೊಡೆಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತಾರೆ. ಅದರಡಿ ಜರಡಿ ಹಿಡಿದ ಸಣ್ಣ ಹರಳನ್ನು ಬೆರಳಿನಿಂದ ತುರುಕುತ್ತಾರೆ. ಕೆನ್ನೆಯನ್ನು ಹಲಗೆಗೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ತೃಪ್ತಿಯಾಗಲಿಲ್ಲ. ಇನ್ನೊಂದು ಚಿಟಿಕೆ ಹರಳು.

ಆ ಕೊಡೆಕಡ್ಡಿಗಳೇ ಹಳಿ. ಹುಣಸೆ ಕಟ್ಟಿಗೆಯ ಚಕ್ಕೆಗಳು ಹಳಿ ಹೊರುವ ಅಡಿಪಟ್ಟಿ. ಡಬ್ಬಿಯ ತಗಡಿನ ನಿಲ್ದಾಣ, ಮಲಪ್ರಭೆಗೊಂದು ಸೇತುವೆ, ಸೇತುವೆ ದಾಟಿದ ಮೇಲೆ ದೊಡ್ಡದೊಂದು ತಿರುವು, ಕಸಬರಿಗೆ ಕಡ್ಡಿ ನೆಟ್ಟ ಜೋಳದ ಹೊಲ. ಹೊರಗಿರುವ ರೈಲುದಾರಿಯೇ ಇಲ್ಲಿ ಪುಟ್ಟದಾಗಿ ಮಲಗಿದೆ.

“ನನ್ನ ಮಗ ಇದನ್ನ ಫೋನಿನ್ಯಾಗ ಹಿಡದು ರಾಜೂರಿನ ಅಜ್ಜಪ್ಪನವರಿಗೆ ಕಳಿಸಿದ್ದ. ಅವರು ನೋಡಿ, ‘ತಿರುವಿನ್ಯಾಗ ಎಡಗಡಿ ಹಳಿ ಒಂಚೂರು ಕುಂತೈತಿ, ಎತ್ತಂತ ಹೇಳು’ ಅಂದಾರ. ಎಂಬತ್ತು ದಾಟ್ಯಾವ್ರಿ ಅವರಿಗೆ. ಕಣ್ಣು ಮಾತ್ರ ಹಂಗ ಅದಾವ” ಎನ್ನುತ್ತ ಕರಿಯವ್ವ ನಗುತ್ತಾರೆ. ಅವರಿಗೆ ಕೆಲಸ ಕಲಿಸಿದವರು ಅಜ್ಜಪ್ಪ. ಗುರುವಿನ ತಕರಾರು ಬಂದಿದೆ ಎಂದರೆ ಡ್ಯೂಟಿಗೆ ಹೋಗುವ ಮುನ್ನವೇ ಸರಿಪಡಿಸಬೇಕು.

ಡ್ಯೂಟಿ ಎಂದರೆ ಹಳಿಯ ಮೇಲಿನ ದುಡಿಮೆ. ಊರವರು ‘ಗ್ಯಾಂಗು’ ಎಂದು ಕರೆಯುವ ತಂಡದಲ್ಲಿ ಕರಿಯವ್ವ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದಾರೆ. ಹೆಗಲ ಮೇಲೆ ಹಾರೆ, ಕೈಯಲ್ಲಿ ಸುತ್ತಿಗೆ, ಚೀಲದಲ್ಲಿ ಕೆಂಪು ಬಾವುಟ. ಹಳಿಯನ್ನು ಅಡಿಪಟ್ಟಿಗೆ ಹಿಡಿದಿಡುವ ಕೀಲಿಗಳು ಸಡಿಲಾದರೆ ಹೊಡೆದು ಬಿಗಿ ಮಾಡುವುದು, ಕುಸಿದ ಕಡೆ ಜಲ್ಲಿ ತುಂಬಿ ಹಳಿಯನ್ನು ಮಟ್ಟಕ್ಕೆ ತರುವುದು, ಗಾಡಿ ಬಂದಾಗ ಸರಿದು ನಿಲ್ಲುವುದು, ಹೋದ ಮೇಲೆ ಮತ್ತೆ ಇಳಿಯುವುದು. ಬೇಸಿಗೆಯಲ್ಲಿ ಹಳಿ ಮುಟ್ಟಿದರೆ ಅಂಗೈ ಸುಡುತ್ತದೆ. ಒಂದು ಪಾಳಿಗೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ ಅವರಿಗೆ ಲೆಕ್ಕಕ್ಕೇ ಇಲ್ಲ. ಕಿಟಕಿಯಲ್ಲಿ ಕುಳಿತ ಪ್ರಯಾಣಿಕರಿಗೆ ಅವರು ಒಂದು ಕ್ಷಣ ಕಂಡು ಮರೆಯಾಗುವ ಕಿತ್ತಳೆ ಅಂಗಿ, ಅಷ್ಟೇ.

ಈ ಕೆಲಸ ಅವರು ಬಯಸಿ ಬಂದದ್ದಲ್ಲ. ಗಂಡ ಯಮನೂರಪ್ಪ ಇದೇ ಗ್ಯಾಂಗಿನಲ್ಲಿದ್ದರು. ಕಾಮಾಲೆ ಬಂತು. ದವಾಖಾನೆ ಸೇರುವಷ್ಟರಲ್ಲಿ ಕೈಮೀರಿತ್ತು. ಮಡಿಲಲ್ಲಿ ಮಗಳು, ಬೆರಳು ಹಿಡಿದು ನಿಂತ ಮಗ ದುರ್ಗೇಶ. ಗಂಡನ ಕೆಲಸ ಕರಿಯವ್ವನಿಗೆ ಸಿಕ್ಕಿತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳು ಗಂಡಸರ ನಡುವೆ ಹಾರೆ ಹಿಡಿದು ನಿಂತರು.

“ಮೊದಲ ದಿನ ಗಾಡಿ ಬಂದಾಗ ನಾ ಕಿರಿಚಿ ಹೊಲದಾಗ ಓಡಿದ್ದೆ. ಎಲ್ಲಾರೂ ನಕ್ಕರು. ಅಜ್ಜಪ್ಪನವರು ನಗಲಿಲ್ರಿ” ಎಂದು ನೆನೆಯುತ್ತಾರೆ.

ಗ್ಯಾಂಗಿನ ಮುಖ್ಯಸ್ಥರಾಗಿದ್ದ ಅಜ್ಜಪ್ಪ ಅಂದು ಸಂಜೆ ಅವರ ಅಂಗಳಕ್ಕೆ ಬಂದರು. ದನಕ್ಕೆ ಹಾಕಿದ್ದ ಜೋಳದ ದಂಟಿನಲ್ಲಿ ಎರಡನ್ನು ಎತ್ತಿ ನೆಲದ ಮೇಲೆ ಹಳಿಯ ಹಾಗೆ ಇಟ್ಟರು. ಒಂದು ಬೆಣಚುಕಲ್ಲು ಗಾಡಿಯಾಯಿತು. ಪಕ್ಕದಲ್ಲೊಂದು ಸಣ್ಣ ಹರಳು ಇಟ್ಟರು. “ನೋಡವ್ವಾ, ಇದು ನೀನು. ಗಾಡಿ ಈ ಕಡಿಂದ ಬಂತು. ನೀ ಎಲ್ಲಿ ನಿಂದರ್ತಿ?” ಎಂದು ಕೇಳಿದರು. ಕರಿಯವ್ವ ತಪ್ಪು ಜಾಗ ತೋರಿಸಿದರು. ಅಜ್ಜಪ್ಪ ಬೈಯಲಿಲ್ಲ. ಕಲ್ಲನ್ನು ಹಿಂದಕ್ಕೆ ತಂದು ಮತ್ತೆ ಓಡಿಸಿದರು. ಹೀಗೆ ದಿನಾ ಸಂಜೆ ದಂಟಿನ ರೈಲು ಓಡಿತು. ಸಿಗ್ನಲ್ಲು, ತಿರುವು, ಹಳಿ ಕೂಡುವ ಜಾಗ, ಎಲ್ಲವನ್ನೂ ಕರಿಯವ್ವ ಅಂಗಳದಲ್ಲೇ ಕಲಿತರು.

ನಿವೃತ್ತರಾಗಿ ರಾಜೂರಿಗೆ ಹೊರಡುವ ಮೊದಲು ಅಜ್ಜಪ್ಪ ಒಂದು ಉಡುಗೊರೆ ಮಾಡಿಕೊಟ್ಟರು. ಮುರಿದ ಕೊಡೆಗಳ ಕಡ್ಡಿ ಬಗ್ಗಿಸಿ, ಹುಣಸೆ ಚಕ್ಕೆ ಜೋಡಿಸಿ, ಸೇತುವೆಯಾಚೆಯ ತಿರುವನ್ನು ಹಲಗೆಯ ಮೇಲೆ ಕೂರಿಸಿದ್ದರು. ಕರಿಯವ್ವ ವರ್ಷ ವರ್ಷ ಅದರ ಎರಡೂ ತುದಿಗೆ ತಮ್ಮ ಕೈಯಾರೆ ಒಂದಿಷ್ಟು ಸೇರಿಸುತ್ತ ಬಂದರು. ರೋಣದಲ್ಲಿ ಪಂಪ್‌ಸೆಟ್ ಮೋಟರು ಕಟ್ಟುವ ಬಾಷಾ ಹಳೆಯ ಟೇಪ್‌ರೆಕಾರ್ಡರಿನ ಮೋಟರು ಹಾಕಿ ಕಟ್ಟಿಗೆಯ ಎಂಜಿನ್ನಿಗೆ ಓಟ ಕೊಟ್ಟರು. ಗ್ಯಾಂಗಿಗೆ ಹೊಸದಾಗಿ ಬಂದವರೆಲ್ಲ ಈ ಪಡಸಾಲೆಯಲ್ಲಿ ಚಹಾ ಕುಡಿದು, ಈ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೆಲಸ ಕಲಿತು ಹೋಗಿದ್ದಾರೆ.

ಅಷ್ಟರಲ್ಲಿ ಹೊರಗೆ ಎರಡನೇ ಹಳಿ ಬಂತು. ಎದುರು ಗಾಡಿಗಾಗಿ ಕಾಯುವುದು ತಪ್ಪಿತು. ಗಾಡಿಗಳು ಹೆಚ್ಚಿದವು, ವೇಗವೂ ಹೆಚ್ಚಿತು. ಹಿತ್ತಲಿನ ರೈಲು ಮಾತ್ರ ಒಂಟಿ ಹಳಿಯ ಮೇಲೆಯೇ ಓಡಿಕೊಂಡಿತ್ತು. ಎರಡನೆಯದಕ್ಕೆ ಜಾಗ ಬೇಕೆಂದರೆ ಅಜ್ಜಪ್ಪನವರ ತಿರುವನ್ನು ಕೀಳಬೇಕು. ಕರಿಯವ್ವನಿಗೆ ಅದು ಆಗದ ಮಾತಾಗಿತ್ತು.

ಹೋದ ಕಡಲೆ ಸುಗ್ಗಿಯಲ್ಲಿ ಒಂದು ಘಟನೆ ನಡೆಯಿತು. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಹಳಿಯಡಿ ಹಾಯುವ ಕೆಳಸೇತುವೆಯ ಸುತ್ತು ದಾರಿ ಬಿಟ್ಟು ಹಳಿಯನ್ನೇ ದಾಟುತ್ತಿದ್ದರು. ಕರಿಯವ್ವ ಬೈದದ್ದುಂಟು, ಕೈಮುಗಿದದ್ದೂ ಉಂಟು. ಕೇಳಿದವರಿಲ್ಲ. ಆ ಮಧ್ಯಾಹ್ನ ಗೂಡ್ಸ್ ಗಾಡಿಯೊಂದು ಸಾಗುತ್ತಿತ್ತು. ತಲೆಯ ಮೇಲೆ ಕಡಲೆಗಿಡದ ಹೊರೆ ಹೊತ್ತ ದುರ್ಗಾ ಎಂಬ ಹೆಣ್ಣುಮಗಳು ಅದರ ಕೊನೆಯ ಡಬ್ಬಿ ದಾಟಿದ್ದೇ ತಡ, ಹಳಿಗಿಳಿದಳು. ಆಚೆ ಹಳಿಯಲ್ಲಿ ಎದುರಿನಿಂದ ಪ್ಯಾಸೆಂಜರ್ ಬರುತ್ತಿತ್ತು. ಗೂಡ್ಸಿನ ಸದ್ದಿನಲ್ಲಿ ಅದರ ಸದ್ದು ಮುಳುಗಿಹೋಗಿತ್ತು. ಹತ್ತಿರವೇ ಕೀಲಿ ಬಿಗಿಯುತ್ತಿದ್ದ ಕರಿಯವ್ವ ಸುತ್ತಿಗೆ ಬಿಸಾಕಿ ಓಡಿ, ಆಕೆಯ ಸೀರೆ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಕರಿಯವ್ವನ ಮೊಣಕಾಲು ಒಡೆಯಿತು. ಕಡಲೆಯ ಹೊರೆ ಚೆಲ್ಲಾಪಿಲ್ಲಿಯಾಯಿತು. ಗಾಡಿಯ ಗಾಳಿ ಇಬ್ಬರ ಮುಖಕ್ಕೂ ಹೊಡೆದು ಹೋಯಿತು.

ದುರ್ಗಾ ಎದ್ದು, ಚೆಲ್ಲಿದ ಕಡಲೆಗಿಡ ಆಯ್ದುಕೊಳ್ಳತೊಡಗಿದಳು. ಕೊನೆಗೆ ಹೇಳಿದ್ದು ಒಂದೇ ಮಾತು: “ಗಾಡಿ ಹೋತಲ್ಲ ಅಂದ್ಕೊಂಡೆ ಯವ್ವಾ.”

ಆ ಮಾತು ಕರಿಯವ್ವನ ಎದೆಯಲ್ಲಿ ಉಳಿಯಿತು. ಮನೆಗೆ ಬಂದು ತಮ್ಮ ಪುಟ್ಟ ರೈಲನ್ನು ನೋಡಿದರು. ಒಂದು ಗಾಡಿ ಹೋದರೆ ಮುಗಿಯಿತು ಎಂದು ಅದೂ ಹೇಳುತ್ತಿತ್ತು. “ನನ್ನ ಮನ್ಯಾಗಿನ ರೈಲೂ ಸುಳ್ಳ ಹೇಳಾಕತ್ತಿತ್ತು ನೋಡ್ರಿ. ಅದನ್ನ ಇಟ್ಕೊಂಡು ನಾ ಯಾರಿಗೆ ಏನ ಕಲಸ್ಲಿ?”

ಆದರೂ ತಿರುವಿನ ಮೇಲೆ ಇಕ್ಕಳ ಇಡಲು ಕೈ ಬರಲಿಲ್ಲ. ರಜೆ ಹಾಕಿ, ರೋಣದಲ್ಲಿ ಬಸ್ಸು ಬದಲಿಸಿ, ಗಜೇಂದ್ರಗಡದ ಮೇಲೆ ರಾಜೂರಿಗೆ ಹೋದರು. ಅಜ್ಜಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಸೊಸೆ ಸಿದ್ದಲಿಂಗವ್ವ ರೊಟ್ಟಿ, ಹಸಿ ಉಳ್ಳಾಗಡ್ಡಿ ತಂದಿಟ್ಟರು. ಕರಿಯವ್ವ ರೊಟ್ಟಿ ಮುರಿಯದೆ ತಾವು ಬಂದ ಕಾರಣ ಹೇಳಿದರು: ನೀವು ಮಾಡಿಕೊಟ್ಟ ತಿರುವು ಕೀಳಬೇಕಾಗಿದೆ, ಮನಸ್ಸು ಒಪ್ಪುತ್ತಿಲ್ಲ.

ಮುದುಕ ಹಗ್ಗದಿಂದ ಕಣ್ಣೆತ್ತಲಿಲ್ಲ. “ಅದರಾಗ ನನ್ನ ಜೀವ ಐತೇನು? ಕೊಡೀ ಕಡ್ಡಿ ಐತಿ” ಎಂದರು. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿ ಮತ್ತೆ, “ನಾ ಜಲ್ಮೆಲ್ಲಾ ಹಳಿ ಕಿತ್ತು ಹಳಿ ಹಾಕಿದಾಂವ. ನನ್ನ ಕಡ್ಡಿ ಉಳದು ಒಂದು ಹೆಣ್ಣಮಗಳ ಜೀವಾ ಹೋದ್ರ ನನಗ ಚಲೋ ಅನಸತೈತೇನವ್ವಾ? ಕೀಳು” ಎಂದರು.

ಊಟ ಮುಗಿದ ಮೇಲೆ ತಾವಾಗಿಯೇ ಒಂದು ಕಿವಿಮಾತೂ ಹೇಳಿದರು: “ತಿರುವಿನ್ಯಾಗ ಡಬ್ಬಿ ಹೊಟ್ಟಿ ಹೊರಗ ಬರತೈತಿ. ಎರಡೂ ಹಳಿ ನಡಕ ಜಾಗಾ ಹೆಚ್ಚಿಗಿ ಬಿಡು.” ಬಸ್ಸಿನಲ್ಲಿ ಗಜೇಂದ್ರಗಡ ಬರುವವರೆಗೆ ಕರಿಯವ್ವ ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದರು. “ಅಳು ಬಂತ್ರಿ. ಆದ್ರ ದುಃಖದ್ದಲ್ಲ” ಎನ್ನುತ್ತಾರೆ.

ಮುಂದಿನ ಎರಡು ತಿಂಗಳು ಅವರ ಬೆಳಗುಗಳೆಲ್ಲ ಹಲಗೆಯ ಮೇಲೇ ಕಳೆದವು. ತಿರುವಿನ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದರು. ಬಿಡಿಸಿದ್ದನ್ನು ಎಸೆಯಲಿಲ್ಲ, ನೇರ ಮಾಡಿ ಹೊಸ ಹಳಿಗೇ ಬಳಸಿದರು. ನಿಲ್ದಾಣವನ್ನು ಎತ್ತಿ ಗೋಡೆಯ ಕಡೆ ಸರಿಸಿದರು. ಜೋಳದ ಹೊಲ ಅರ್ಧವಾಯಿತು. ಮಲಪ್ರಭೆಗೆ ನೂಲು ಸುತ್ತುವ ಕಟ್ಟಿಗೆಯ ಉರುಳೆಗಳನ್ನಿಟ್ಟು ಎರಡನೇ ಸಾಲು ಕಂಬ ಎಬ್ಬಿಸಿದರು. ನರಗುಂದದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ದುರ್ಗೇಶ ಬಂದಾಗಲೆಲ್ಲ ಚಕ್ರ ತಿಕ್ಕಿ ಕೊಟ್ಟ. ಬಾಷಾ ಇನ್ನೊಂದು ಎಂಜಿನ್ನು ಕಟ್ಟಿ, ತಾವೇ ಮೋಟರ್ ಸೈಕಲ್ಲಿನಲ್ಲಿ ತಂದು ಇಳಿಸಿದರು. ಮೊದಲ ಸಲ ಬಿಟ್ಟಾಗ ಅದು ಹಳಿ ತಪ್ಪಿ ಹೊಳೆಗೆ ಬಿತ್ತು. ತಿರುವಿನ ಹೊರಗಡೆಯ ಹಳಿಯನ್ನು ತುಸು ಎತ್ತರಿಸಿದ ಮೇಲೆ ಓಡಿತು. ಎರಡು ಗಾಡಿಗಳೂ ತಿರುವಿನಲ್ಲಿ ಒಂದಕ್ಕೊಂದು ಸೋಂಕದೆ ದಾಟಿಹೋದಾಗ ಕರಿಯವ್ವ ರಾಜೂರಿನ ದಿಕ್ಕಿಗೆ ಕೈಮುಗಿದರು.

ಒಂದು ಸೋಮವಾರ, ಎತ್ತು ಹೂಡದೆ ಹೊಲದ ಕೆಲಸಕ್ಕೆ ಬಿಡುವಿರುವ ದಿನ, ಕೂಲಿ ಹೆಣ್ಣುಮಕ್ಕಳನ್ನು ಚಹಾಕ್ಕೆ ಕರೆದರು. ದುರ್ಗಾ ಬಂದಳು. ಅವರಲ್ಲಿ ಹಿರಿಯರಾದ ಕಾಶೀಂಬಿ ಬಂದರು. ಪಡಸಾಲೆ ತುಂಬಿತು. ಕರಿಯವ್ವ ಹಳಿಯ ಪಕ್ಕದಲ್ಲಿ ಒಂದು ಹುಣಸೆಬೀಜ ಇಟ್ಟರು. “ಇದು ನೀನ. ತಲಿ ಮ್ಯಾಲ ಹೊರಿ ಐತಿ. ಬಗ್ಗಿ, ಬೀಜದ ಎತ್ತರಕ್ಕ ಕಣ್ಣ ತಂದು ನೋಡು” ಎಂದು ದುರ್ಗಾಳನ್ನು ಕೂರಿಸಿದರು. ಆಕೆ ಹಲಗೆಗೆ ಕೆನ್ನೆ ಹಚ್ಚಿದಳು. ಈಚೆ ಹಳಿಯ ಗಾಡಿ ಗರಗರ ಸದ್ದು ಮಾಡುತ್ತ ಸಾಗಿತು. ಕೊನೆಯ ಡಬ್ಬಿ ದಾಟಿತು.

“ಈಗ ದಾಟ್ಲೇನು?” ಕರಿಯವ್ವ ಕೇಳಿದರು.

“ಹೂಂ, ದಾಟು” ಎಂದಳು ದುರ್ಗಾ.

ಕರಿಯವ್ವ ಬೀಜವನ್ನು ಆಚೆ ಹಳಿಗೆ ಸರಿಸಿದ್ದೇ, ಅದುವರೆಗೆ ಮೊದಲ ಗಾಡಿಯ ಮರೆಯಲ್ಲಿದ್ದ ಎರಡನೆಯದು ಬಂದು ಅದನ್ನು ಹಾರಿಸಿಬಿಟ್ಟಿತು. ಬೀಜ ಪಡಸಾಲೆಯ ಮೂಲೆಗೆ ಹೋಗಿ ಬಿತ್ತು. ದುರ್ಗಾ ಹಲಗೆಯಿಂದ ಮುಖ ಎತ್ತದೆ ಹಾಗೇ ಇದ್ದಳು. ಕಡೆಗೆ ಕಾಶೀಂಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದು, “ಅತ್ಲಾಗ ಸರಿಯವಾ ದುರ್ಗಾ. ನಾನೂ ನೋಡ್ತೇನಿ” ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ನೋಡಿದರು. ಚಹಾ ಆರಿಹೋಯಿತು.

ಮರುದಿನದಿಂದ ಅವರ ಗುಂಪು ಕೆಳಸೇತುವೆಯಲ್ಲೇ ಹೋಗುತ್ತದೆ. “ಸುತ್ತ ಆಕ್ಕೈತಿ ಖರೆ. ಅರ್ಧಾ ತಾಸು ಲಗೂ ಏಳತೇವಿ” ಎನ್ನುತ್ತಾಳೆ ದುರ್ಗಾ. ಕರಿಯವ್ವನಿಗೆ ಕೃತಜ್ಞತೆ ಹೇಳಿದ್ದೀಯಾ ಎಂದರೆ ನಾಚುತ್ತಾಳೆ. ಹೇಳಿಲ್ಲವಂತೆ. ಆದರೆ ತನ್ನ ತುಂಡು ಹೊಲದ ಈ ಸಲದ ಮೊದಲ ಹಸಿ ಕಡಲೆ ಈ ಮನೆಗೇ ಬಂತು.

ಕರಿಯವ್ವನನ್ನು ಹೊಗಳಹೊರಟರೆ ಅವರು ಉಳಿದವರ ಹೆಸರು ಹೇಳತೊಡಗುತ್ತಾರೆ. “ಕಲಿಸಿದಾವ್ರು ಅಜ್ಜಾರು. ಓಡಿಸಿದಾಂವ ಬಾಷಾ. ಈ ಕೆಲಸಾ ನನಗ ಬಿಟ್ಟು ಹೋದವ್ರು ನಮ್ಮ ಮನಿಯವ್ರು. ನಾ ನಡಕ ಕುಂತು ಅಂಟು ಹಚ್ಚೀನಿ, ಅಷ್ಟರಿ.”

ಮುಂದಿನ ವರ್ಷ ಅವರ ಸೇವೆ ಮುಗಿಯುತ್ತದೆ. ಮನೆ ಬಿಟ್ಟುಕೊಡಬೇಕು. ಈ ರೈಲನ್ನು ಎಲ್ಲಿ ಇಡುವುದೆಂಬ ಚಿಂತೆ ಇತ್ತು. ಹತ್ತಿರದ ಶಾಲೆಯ ಶಿಕ್ಷಕಿ ಗೌತಮಿ ಒಂದು ಕೋಣೆ ತೆರವು ಮಾಡಿಸಿದ್ದಾರೆ. ಗಾಜು ಹಾಕಿಸೋಣ, ‘ಮುಟ್ಟಬೇಡಿ’ ಎಂದು ಫಲಕ ಬರೆಸೋಣ ಎಂದರಂತೆ. ಕರಿಯವ್ವ ಒಪ್ಪಲಿಲ್ಲ.

ಡ್ಯೂಟಿಯ ಹೊತ್ತಾಯಿತು. ಕಿತ್ತಳೆ ಅಂಗಿ ತೊಟ್ಟು, ಹಾರೆ ಹೆಗಲಿಗೇರಿಸಿ, ಮೆಟ್ಟಿಲ ಮೇಲೆ ನಿಂತು ಹೇಳುತ್ತಾರೆ:

“ಗಾಜು ಬ್ಯಾಡ್ರಿ ಟೀಚರ್ರ ಅಂದೆ. ಹುಡುಗ್ರು ಮುಟ್ಲಿ, ಓಡಿಸ್ಲಿ, ಬೀಳಿಸ್ಲಿ. ಮುರದ್ರ ಹೇಳಿ ಕಳಸ್ರಿ, ನಾ ಬಂದು ಕೂಡಸ್ತೇನಿ. ಆ ಕೆಲಸಾ ನನಗ ಬರತೈತಿ.”