ಬೆಟ್ಟಕ್ಕೆಂದು ಹುರಿದ ಕಡಲೆಕಾಯಿ ಬೀಜ

ಬೆಟ್ಟಕ್ಕೆ ಒಯ್ದ ಆ ಚೀಲದಲ್ಲಿ ಏನೇನಿತ್ತು ಎಂದು ಮೂರು ಸಲ ಪಟ್ಟಿ ಬರೆದೆ. ಮೂರೂ ಬೇರೆ ಬೇರೆ. ಒಂದರಲ್ಲಿ ಖರ್ಜೂರ ಇದೆ, ಇನ್ನೆರಡರಲ್ಲಿ ಇಲ್ಲ. ಎಳ್ಳು ಮೂರರಲ್ಲೂ ಇದೆ. ಆದರೆ ಎಳ್ಳು ನನಗೆ ಇಷ್ಟ, ಆದ್ದರಿಂದ ಅದನ್ನೂ ನಂಬುವ ಹಾಗಿಲ್ಲ. ಕಡಲೆಕಾಯಿ ಬೀಜ ಮಾತ್ರ ಖಂಡಿತ ಇತ್ತು. ರಗಳೆಯೆಲ್ಲ ಆದದ್ದು ಅದರಿಂದಲೇ.

ನಮ್ಮ ಊರು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಗೆ ಹತ್ತಿರ. ಹಿತ್ತಿಲ ಬಾಗಿಲಲ್ಲಿ ನಿಂತರೆ ದೂರದಲ್ಲಿ ಬೆಟ್ಟದಪುರದ ಬೆಟ್ಟ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಪಾತ್ರೆ ತೊಳೆಯುತ್ತ ದಿನಕ್ಕೆ ನಾಲ್ಕು ಸಲವಾದರೂ ಆ ಬೆಟ್ಟ ನೋಡುತ್ತಿದ್ದರು. "ಬೆಟ್ಟ ಟೋಪಿ ಹಾಕ್ಕಂಡೈತೆ, ಹಪ್ಪಳ ಒಳಗ್ ತನ್ನಿ" ಎಂದರೆ ಸಂಜೆಗೆ ಮಳೆ. ಅದರ ತುದಿಗೆ ಹೋಗಿ ನಿಲ್ಲಬೇಕೆಂಬುದು ಅವರ ಒಂದೇ ಆಸೆ. ಎರಡು ಸಲ ಹೊರಟು, ಎರಡು ಸಲವೂ ಅರ್ಧ ಮೆಟ್ಟಿಲಿಗೇ ತಲೆ ಸುತ್ತಿ ಇಳಿದು ಬಂದಿದ್ದರು.

ಕಾಲಿನ ದೋಷವಲ್ಲ, ಹೊಟ್ಟೆಯ ದೋಷ. ಮನೆಯಿಂದ ಹೊರಗೆ ಅತ್ತೆ ಮುಸುರೆ ಮುಟ್ಟುತ್ತಿರಲಿಲ್ಲ. ನೀರು, ಉಪ್ಪು ಸೇರಿ ಬೆಂಕಿ ಕಂಡದ್ದೆಲ್ಲ ಮುಸುರೆ: ಅನ್ನ, ರೊಟ್ಟಿ, ಉಪ್ಪಿಟ್ಟು ಎಲ್ಲವೂ. ಬುತ್ತಿ ಕಟ್ಟುವಂತಿಲ್ಲ. ಎರಡು ಬಾಳೆಹಣ್ಣು ತಿಂದು ಸಾವಿರಾರು ಮೆಟ್ಟಿಲು ಹತ್ತುವುದು ಹೇಗೆ?

ಅತ್ತೆ ಮೂರನೆಯ ಸಲ ಕೇಳಿದಾಗ ಅಪ್ಪ ಎಲೆಯಡಿಕೆ ಮಡಿಸುತ್ತಿದ್ದರು. "ಇದೇ ಕೊನೆ ಕಣಕ್ಕ. ಈ ಸಲವೂ ಅರ್ಧಕ್ಕೆ ಇಳಿದು ಬಂದ್ರೆ ಇನ್ನು ಬೆಟ್ಟದ ಸುದ್ದಿ ಎತ್ತಬಾರದು."

"ಆಗ್ಲಿ" ಎಂದರು ಅತ್ತೆ. ಅವರು ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಹೆದರಿಕೆಯಾಯಿತು.

ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ, ರಜಕ್ಕೆ ಬಂದಿದ್ದೆ. ಆರೋಗ್ಯದ ಮೇಲಿನ ಇಂಗ್ಲಿಷ್ ಪುಸ್ತಕವೊಂದನ್ನು ಅರ್ಧ ಓದಿ, ಪೂರ್ತಿ ತಿಳಿದವನ ಹಾಗೆ ಮಾತಾಡುತ್ತಿದ್ದೆ. ನಡೆಯುವವನಿಗೆ ಅನ್ನ ಬೇಕಿಲ್ಲ, ಕಾಳು, ಕೊಬ್ಬರಿ, ಬೆಲ್ಲ, ಒಣಹಣ್ಣು ಸಾಕು. ಹಿಡಿ ಹಿಡಿಯಾಗಿ ಆಗಾಗ ತಿಂದರೆ ತಲೆ ಸುತ್ತುವುದಿಲ್ಲ ಎಂದು ಸಾರಿದೆ. ಎಲ್ಲವೂ ಒಣಗಿದ್ದು. ಮುಸುರೆಯ ಮಾತೇ ಇಲ್ಲ. ಅತ್ತೆ ನನ್ನನ್ನು ಮೊದಲ ಸಲ ದೊಡ್ಡವನನ್ನು ನೋಡುವ ಹಾಗೆ ನೋಡಿದರು.

ಸಾಮಾನು ತರಲು ಹುಣಸೂರಿಗೆ ಹೋದೆ. ನಮ್ಮ ಮನೆಗೆ ತಲೆತಲಾಂತರದಿಂದ ದಿನಸಿ ಕೊಡುತ್ತಿದ್ದ ಸಾಹೇಬರ ಅಂಗಡಿ. ದ್ರಾಕ್ಷಿ ತೂಗುತ್ತ ಕೇಳಿದರು, "ಏನ್ ಸ್ವಾಮಿ, ಮದುವೆಯಾ?"

"ಅತ್ತೆ ಬೆಟ್ಟ ಹತ್ತುತ್ತಾರೆ."

"ಅರೆ, ಮತ್ತೆ!" ಸಾಹೇಬರು ತಕ್ಕಡಿ ಕೆಳಗಿಟ್ಟರು. "ಅಂಗಾದ್ರೆ ಒಳ್ಳೇದೇ ಕೊಡ್ತೀನಿ. ನೀವು ಮನೇಲಿ ಹುರಿಯುವಾಗ ನೀರ್ ಗೀರ್ ಮುಟ್ಟಿಸ್ಬ್ಯಾಡಿ. ಅವ್ರು ತಿನ್ನಾಕಿಲ್ಲ."

"ಹುರಿಗಡಲೆಗೆ ಭಟ್ಟಿಯಲ್ಲಿ ನೀರು ಚಿಮುಕಿಸೋದಿಲ್ವೇ?" ಎಂದೆ, ಬುದ್ಧಿವಂತಿಕೆ ತೋರಿಸಲು.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದು ನಂಗೂ ಗೊತ್ತು, ನಿಮ್ಗೂ ಗೊತ್ತು. ಅಂಗಡೀಲಿ ಏನಾಯ್ತು ಅಂತ ಅವ್ರು ಕೇಳಾಕಿಲ್ಲ ಕಣ್ರೀ. ಒಲೇಲಿ ಏನಾಯ್ತು ಅಂತ ಕೇಳ್ತಾರೆ."

ಹೊರಡುವ ದಿನ ಬೆಳಗ್ಗೆ, ಅತ್ತೆ ಪೂಜೆಗೆ ಕೂತಿದ್ದಾಗ, ನಾನೇ ಮಡಿಯಲ್ಲಿ ಹುರಿದೆ. ತಣ್ಣೀರು ಸ್ನಾನ, ಒದ್ದೆ ಪಂಚೆ, ತೊಳೆದ ಬಾಣಲೆ, ಒಂದರಲ್ಲೂ ಲೋಪವಿಲ್ಲ. ಎಳ್ಳು ಚಟಪಟ ಅಂದಿತು (ಎಳ್ಳು ಇದ್ದಿದ್ದರೆ). ಕೊಬ್ಬರಿಯನ್ನು ತೆಳ್ಳಗೆ ಹೆಚ್ಚಿ ಬೆಚ್ಚಗೆ ಮಾಡಿದೆ. ಬೆಲ್ಲವನ್ನು ಕರಗಿಸದೆ ಗುಂಡುಗುಂಡಾಗಿ ಕುಟ್ಟಿದೆ. ಕಡಲೆಕಾಯಿ ಬೀಜ ಬಾಣಲೆಗೆ ಹಾಕಿದಾಗ ಪುಸ್ತಕದ ಒಂದು ಸಾಲು ನೆನಪಾಯಿತು: ಬೆವರಿದವನಿಗೆ ಉಪ್ಪು ಬೇಕು. ಒಣ ಉಪ್ಪು ಬೀಜಕ್ಕೆ ಅಂಟಲಿಲ್ಲ. ಒಂದು ಲೋಟದಲ್ಲಿ ಉಪ್ಪು ಕದಡಿ ಚಿಮುಕಿಸಿದೆ. ಚುಂಯ್ ಎಂದು ಹಬೆ ಎದ್ದಿತು. ಬೀಜದ ಮೇಲೆ ಬೆಳ್ಳಗೆ ಉಪ್ಪು ಕೂತಿತು, ಬಲು ಸೊಗಸಾಗಿ. ಮೈಮೇಲೆ ಒದ್ದೆ ಪಂಚೆ, ಕೈಯಲ್ಲಿ ಉಪ್ಪುನೀರು! ಸಾಹೇಬರ ಮಾತು ಆಗ ಎಲ್ಲಿ ಹೋಗಿತ್ತೋ.

ಗಾಡಿ ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ಅತ್ತೆ ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ನಡೆದರು. "ಮೈಸೂರಲ್ಲಿ ಏನ್ ಕಲ್ಸವ್ರೋ ನಿಂಗೆ, ಉಸ್ಸು ಬುಸ್ಸು ಅಂತೀಯಲ್ಲ" ಎಂದು ತಿರುಗಿ ಅಣಕಿಸಿದರು. ಅರ್ಧಕ್ಕೆ ಬರುವ ಹೊತ್ತಿಗೆ ಆ ಅಣಕ ನಿಂತಿತ್ತು. ಹಿಂದಿನ ಎರಡು ಸಲವೂ ಕೂತಿದ್ದ ಕಲ್ಲಿನ ಮೇಲೆಯೇ ಕೂತರು. ಮುಖ ಬಿಳುಪೇರಿತ್ತು. ನಾನು ಚೀಲ ಬಿಚ್ಚಿದೆ. ಅವರು ಒಂದು ಹಿಡಿ ತೆಗೆದುಕೊಂಡು ಮೂಗಿಗೆ ಹಿಡಿದರು.

"ಘಮ್ ಅಂತೈತಲ್ಲೋ. ಎಂಗ್ ಹುರಿದೆ?"

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಯಾರೂ ಹಾಗೆ ನನ್ನನ್ನು ಕೇಳಿರಲಿಲ್ಲ. ಪುಸ್ತಕದ ಸಾಲು, ಅಂಟದ ಉಪ್ಪು, ಲೋಟದ ನೀರು, ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ. 'ಚುಂಯ್' ಎಂದು ಹೇಳುವಾಗ ನನಗೇ ಅರ್ಥವಾಯಿತು.

ಬಾಯಿಯ ಹತ್ತಿರ ಬಂದಿದ್ದ ಕೈ ನಿಂತಿತು. "ಉಪ್ಪುನೀರು ಹಾಕ್ದಾ? ಬೆಂಕಿ ಮ್ಯಾಲೆ?"

"ಹೂಂ ಅತ್ತೆ."

"ಒದ್ದೆ ಪಂಚೆ ಉಟ್ಕಂಡು?"

"ಹೂಂ."

ಅತ್ತೆ ಬೈಯಲಿಲ್ಲ. ಕೆಳಗೆ ನೋಡಿದರು, ಮೇಲೆ ನೋಡಿದರು. ಕೆಳಗಿಳಿದರೆ ಅಪ್ಪನ ಮಾತು. ಮೇಲೆ ಇನ್ನೂ ಅರ್ಧ ಬೆಟ್ಟ. ಅಷ್ಟರಲ್ಲಿ ಪಕ್ಕದ ಬಂಡೆಯಿಂದ ಒಂದು ದಪ್ಪ ಕೋತಿ ಇಳಿದು ಬಂದು, ಇಬ್ಬರ ಮುಖವನ್ನೂ ನೋಡಿ, ಚೀಲವನ್ನು ಎತ್ತಿಕೊಂಡು ಹೋಯಿತು. ಅವಸರವನ್ನೇನೂ ಪಡಲಿಲ್ಲ.

ಅತ್ತೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬುಡು ಮಗ, ಅದುಕ್ಕೆ ಮಡಿ ಇಲ್ಲ" ಎಂದು ಎದ್ದರು. ಬೀಜ ಹಿಡಿದ ಮುಷ್ಟಿ ಮುಚ್ಚಿಯೇ ಇತ್ತು. ಹಾಗೆಯೇ ಹತ್ತಿದರು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ನನ್ನ ಹೆಗಲು ಹಿಡಿದು ಮತ್ತೆ ಹತ್ತಿದರು. ನಾನು ಹಿಂದೆ ನಡೆಯುತ್ತ ಆ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದೆ. ಕೊನೆಯ ತಿರುವಿನಲ್ಲಿ ನನ್ನನ್ನು ಮುಂದೆ ಕಳಿಸಿದರು. "ನೀನ್ ನಡಿ, ತಿರುಗಿ ನೋಡ್ಬ್ಯಾಡ."

ನೋಡಲಿಲ್ಲ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೆಲವು ಸಲ ತಿರುಗಿ ನೋಡಿದೆ ಎಂದೂ ಹೇಳಿದ್ದೇನೆ, ಕಥೆ ರಂಗೇರಲಿ ಎಂದು. ನಿಜವಾಗಿ ನೋಡಲಿಲ್ಲ. ತುದಿಗೆ ಬಂದು ನನ್ನ ಪಕ್ಕದಲ್ಲಿ ನಿಂತಾಗ ಅವರ ಎರಡೂ ಕೈ ಖಾಲಿ ಇದ್ದವು. ನಾನು ಕೇಳಲಿಲ್ಲ. ಹುಣಸೂರಿನ ಅಂಗಡಿಯಲ್ಲಿ ಕಲಿತದ್ದು ಅಷ್ಟಾದರೂ ಕೆಲಸಕ್ಕೆ ಬಂತು.

ಅತ್ತೆ ನಮ್ಮ ಮನೆಯ ಹಿತ್ತಿಲು ಎಲ್ಲಿದೆ ಎಂದು ಬಹಳ ಹೊತ್ತು ಹುಡುಕಿದರು. ಕಾಣಲಿಲ್ಲ. "ಅಲ್ಲಿಂದ ಇದು ಇಷ್ಟು ದೊಡ್ಡದಾಗಿ ಕಾಣ್ತದೆ, ಇಲ್ಲಿಂದ ನಾವು ಕಾಣೋದೇ ಇಲ್ವಲ್ಲೋ" ಎಂದರು. ಬೇಸರವೋ ಖುಷಿಯೋ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲೇ ಕೂತಿದ್ದರು. "ತುದಿ ಮುಟ್ಟಿದ್ರಾ? ದಾರೀಲಿ ಏನ್ ತಿಂದ್ರಿ?"

"ಮುಟ್ಟಿದ್ವು. ಎಲ್ಲಾ ಕೋತಿ ತಿಂತು" ಎಂದು ಅತ್ತೆ ಕಾಲು ತೊಳೆಯಲು ಹೋದರು.

ರಜ ಮುಗಿದು ನಾನು ಮೈಸೂರಿಗೆ ಹೊರಟ ದಿನ ಅವರು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬೆಟ್ಟ ಟೋಪಿ ಹಾಕಿರಲಿಲ್ಲ. ಹೋಗಿ ಬರುತ್ತೇನೆ ಎಂದೆ. ತಲೆ ಎತ್ತದೆಯೇ ಹೇಳಿದರು:

"ಮುಂದಿನ ರಜಕ್ಕೆ ಬಂದಾಗ ಇನ್ನೊಂದ್ಸಲ ಹೋಗುವ. ಉಪ್ಪು ಮಾತ್ರ ಕಮ್ಮಿ ಹಾಕು."