ಯಾರಿಗೂ ಹೇಳದ ಬೆಲೆ

ನಮ್ಮ ಮೇಲಿನ ಮನೆಯ ಗಡಿಯಾರ ರಿಪೇರಿಯವರು ಅಂಗಡಿ ಮುಚ್ಚಿದ ಮೇಲೆ ವಾರಕ್ಕೊಂದು ಹಳೆಯ ಸಾಮಾನನ್ನು ಆನ್‌ಲೈನ್ ಹರಾಜಿಗಿಡುತ್ತಾರೆ, ಆದರೆ ಯಾವುದನ್ನೂ ಮಾರುವುದಿಲ್ಲ. ಕೂಗು ಚಿಲ್ಲರೆ ಕಾಸಿನಿಂದಲೇ ಶುರುವಾಗುತ್ತದೆ. ಇಷ್ಟು ಬಂದರಷ್ಟೇ ಕೊಡುತ್ತೇನೆ ಎಂಬ ಮೀಸಲು ಬೆಲೆಯೊಂದು ಮಾತ್ರ ಅವರಿಗೂ ಕಂಪ್ಯೂಟರಿಗೂ ನಡುವಿನ ಗುಟ್ಟು. ಅದನ್ನು ಟೈಪು ಮಾಡುವಾಗ ಕಟ್ಟಿಕೊಂಡ ಹೆಂಡತಿಯನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೂಗಿದವರಿಗೆಲ್ಲ ‘ಮೀಸಲು ಬೆಲೆ ಮುಟ್ಟಿಲ್ಲ’ ಎಂಬ ಉತ್ತರ ಹೋದಾಗ ಅವರ ಮುಖ ಊರಗಲವಾಗುತ್ತದೆ. “ನೋಡಿದ್ರಾ, ಎಷ್ಟು ಜನ ಒದ್ದಾಡ್ತಿದ್ದಾರೆ!” ಎಂದು ನನ್ನನ್ನು ಕರೆದು ತೋರಿಸುತ್ತಾರೆ. “ಇದನ್ನ ಮಾರೋಕಿಟ್ಟಿದ್ದೀರೋ, ಮೆರೆಯೋಕಿಟ್ಟಿದ್ದೀರೋ?” ಎಂದು ಹೆಂಡತಿ ಕೇಳಿದರೆ, “ವ್ಯಾಪಾರ ನಿಂಗರ್ಥ ಆಗಲ್ಲ ಬಿಡು” ಎನ್ನುತ್ತಾರೆ. ತಿರುಗದ ಟೇಬಲ್ ಫ್ಯಾನಿಗೆ ಅವರಿಟ್ಟಿರಬಹುದಾದ ಬೆಲೆಗೆ ತಿರುಗುವ ಫ್ಯಾನು ಮೂರು ಬರುತ್ತವೆಂದು ಅವರ ಮಗಳ ಅಂದಾಜು. ಮೊನ್ನೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವೊಂದು ಹರಾಜಿಗಿತ್ತು. ಒಬ್ಬಾಕೆ ಎಂಟುನೂರಕ್ಕೆ ಕೂಗಿ, ಕೆಳಗೆ ಬರೆದಿದ್ದಳು: “ಹೊಲಿಗೆ ಈಗಷ್ಟೇ ಕಲ್ತಿದ್ದೀನಿ ಸರ್. ನನ್ನ ಹತ್ರ ಇರೋದು ಇಷ್ಟೇ, ಇನ್ನು ಕೂಗಲ್ಲ.” ಅವರು ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, ಆಮೇಲೆ ಸದ್ದಿಲ್ಲದೆ ಐದು ಸಾವಿರದ ಮೀಸಲನ್ನು ಏಳುನೂರಕ್ಕೆ ಇಳಿಸಿದರು. ಅವರಿಗೆ ಗೊತ್ತಾಗದಂತೆ ಬೆನ್ನ ಹಿಂದೆ ನಿಂತಿದ್ದ ನಾನೂ ನೋಡಿದೆ, ಅವರ ಹೆಂಡತಿಯೂ ನೋಡಿದರು. ಹರಾಜು ಮುಗಿದದ್ದೇ ತಡ, “ಕೊನೆಗೂ ನಾನಿಟ್ಟ ಬೆಲೆ ದಾಟಿಸಿಯೇ ಮಾರಿದೆ!” ಎಂದು ಗತ್ತಿನಿಂದ ಸಾರಿದರು. “ನೀವು ಬಿಟ್ಟುಕೊಡೋ ಪೈಕಿನಾ!” ಎಂದು ಹೆಂಡತಿ ಹೊಗಳಿ, ಕಟ್ಟುತ್ತಿದ್ದ ಪಾರ್ಸೆಲ್ಲಿನೊಳಗೆ ಆರು ದಾರದ ರೀಲುಗಳನ್ನು ಮೆಲ್ಲಗೆ ತೂರಿಸಿದರು.