ಉಜ್ಜನಪ್ಪನವರ ಬ್ರೀಫ್‌ಕೇಸು, ಹೊಸಮನೆಯ ಬೆಕ್ಕುಗಳು

ಕಾಲ ಬದಲಾಗಲಿ, ಸರ್ಕಾರ ಬದಲಾಗಲಿ, ಚರ್ಮ ಬಿರಿಯದಂತೆ ಅದಕ್ಕೆ ಮೀನೆಣ್ಣೆ ಕುಡಿಸುವುದು ಮಾತ್ರ ನಿಲ್ಲಬಾರದು ಎಂದು ನಂಬಿದವರು ಉಜ್ಜನಪ್ಪ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಚರ್ಮದ ಬೆಲ್ಟು ಹೊಲಿಯುತ್ತಲೇ ಅವರ ತಲೆ ನೆರೆಯಿತು. ನಿವೃತ್ತರಾಗಿ ಶಿವಮೊಗ್ಗದ ಹೊಸಮನೆಗೆ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಮನೆಯ ದಿಂಬುಗಳನ್ನೆಲ್ಲ ದಬ್ಬಳದಿಂದ ಬೆಲ್ಟಿನ ಹಾಗೆ ಹೊಲಿದರು. ಮಲಗಿ ಎದ್ದವರ ಕೆನ್ನೆಯ ಮೇಲೆ ಹೊಲಿಗೆಯ ಅಚ್ಚು ಮಧ್ಯಾಹ್ನದವರೆಗೂ ಇರುತ್ತಿತ್ತು.

ಹೀಗಿರುವಾಗ ವಕೀಲೆಯಾದ ಮಗಳು ಇಂಪನಾ ಮೊದಲ ಸಲ ಒಬ್ಬಳೇ ನಿಂತು ವಾದಿಸುವ ದಿನ ಗೊತ್ತಾಯಿತು. ಅವತ್ತು ಅವಳ ಕೈಯಲ್ಲಿ ತಾವು ಹೊಲಿದ ಬ್ರೀಫ್‌ಕೇಸೇ ಇರಬೇಕೆಂದು ಉಜ್ಜನಪ್ಪ ಹಟ ಹಿಡಿದರು. ಮೊದಲೇ ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಹೆಂಡತಿ ಶಂಕರಮ್ಮ ಆಗಲೇ ಗಾಂಧಿ ಬಜಾರಿನಿಂದ ಮಗಳಿಗೊಂದು ರೆಕ್ಸಿನ್ ಬ್ಯಾಗು ತಂದಿಟ್ಟಿದ್ದರು.

“ಲಿಂಗಪೂಜೆ ಮಾಡೋ ಮನೆ ಇದು. ಚರ್ಮ ಹೊಸಿಲು ದಾಟಿದ್ರೆ ನಾನು ತವರಿಗೆ ಹೋಗ್ತೀನಿ,” ಎಂದರು ಶಂಕರಮ್ಮ.

“ಒಳಗ್ಯಾಕೆ ತರ್ತೀನಿ ಮಾರಾಯ್ತಿ? ಜಗಲಿ ಮೇಲೇ ಹೊಲಿತೀನಿ.”

ಸ್ಕೂಟರಿನಲ್ಲಿ ಭದ್ರಾವತಿಗೆ ಹೋಗಿ ದಪ್ಪ ಚರ್ಮ ತಂದರು. ಮೀನೆಣ್ಣೆಯ ಬಾಟಲಿಯನ್ನು ಅಂಗಿಯೊಳಗೆ ಬಚ್ಚಿಟ್ಟಿದ್ದರು. ವಾಪಸು ಬರುವ ದಾರಿಯಲ್ಲಿ ಮಲವಗೊಪ್ಪ ದಾಟುವಷ್ಟರಲ್ಲಿ ಅರ್ಧ ಎಣ್ಣೆ ಹೊಟ್ಟೆಯ ಮೇಲೆ ಹರಿದಿತ್ತು. ಉಳಿದದ್ದನ್ನು, ಶಂಕರಮ್ಮ ಪೂಜೆಗೆ ಕೂತಾಗಲೆಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬ್ರೀಫ್‌ಕೇಸಿಗೆ ಸವರಿದರು. ನಿಜವಾದ ಬೆಕ್ಕುಗಳು ಕಣ್ಣು ಬಿಟ್ಟುಕೊಂಡು ಕಾಂಪೌಂಡಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು.

ವಾದದ ದಿನ ಬೆಳಿಗ್ಗೆ ಇಂಪನಾ ಎರಡೂ ಬ್ಯಾಗುಗಳನ್ನು ನೋಡಿದಳು. ಉಜ್ಜನಪ್ಪ ನೆಲ ನೋಡಿದರು. ಮಗಳು ಬ್ರೀಫ್‌ಕೇಸನ್ನೇ ಎತ್ತಿಕೊಂಡಾಗ ಅವರಿಗೆ ಅಳುವೇ ಬಂತು. ಅವಳು ನಡೆದಳು, ಹಿಂದೆ ಹೊಸಮನೆಯ ಬೆಕ್ಕುಗಳು ನಡೆದವು. ದಾರಿಯ ಗಲ್ಲಿಗಳಿಂದಲೂ ಒಂದೊಂದು ಬಂದು ಸೇರಿಕೊಂಡಿತು. ಉಜ್ಜನಪ್ಪ ಸ್ಕೂಟರಿನಲ್ಲಿ ಹಾರ್ನ್ ಬಾರಿಸುತ್ತ ಅಟ್ಟಿದ್ದೇ ಬಂತು, ಅವರ ಮೈವಾಸನೆಗೆ ಇನ್ನಷ್ಟು ಬೆಕ್ಕುಗಳು ಬಂದವು.

ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

“ಇವೆಲ್ಲ ಯಾರ ಕಡೆಯವಮ್ಮ?”

“ನಮ್ಮ ಕಡೆಯವೇ ಸ್ವಾಮಿ,” ಎಂದಳು ಇಂಪನಾ.

ಎದುರು ವಕೀಲರು ಬೆಕ್ಕಿಗೆ ಹೆದರಿ ಬೆಂಚು ಹತ್ತಿದ್ದರು. ಅಲ್ಲಿಂದ ಇಳಿಯುವ ಲಕ್ಷಣ ಕಾಣದೆ ಕೇಸನ್ನು ಮರುದಿನಕ್ಕೆ ಮುಂದೂಡಲಾಯಿತು. ಹಿಂದಿನ ಸಾಲಿನಲ್ಲಿದ್ದ ಉಜ್ಜನಪ್ಪನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಕೊಡು ಮಗಾ, ತುಂಗೆಗೆ ಎಸೆದು ಬರ್ತೀನಿ,” ಎಂದರು ಹೊರಗೆ ಬಂದು.

“ಅದು ನನ್ನ ಬ್ಯಾಗು ಅಪ್ಪಾಜಿ. ಬೇಕಾದ್ರೆ ಬೆಕ್ಕುಗಳನ್ನ ನೀವು ಇಟ್ಕೊಳ್ಳಿ.”

ಮನೆಗೆ ಬಂದು ಅವಳು ಬ್ರೀಫ್‌ಕೇಸನ್ನು ಜಗಲಿಯ ಮೇಲಿಟ್ಟು ಒಳಗೆ ಹೋದದ್ದೇ ತಡ, ಬೆಕ್ಕುಗಳು ಮುಗಿಬಿದ್ದವು. ಉಜ್ಜನಪ್ಪ ಟವೆಲ್ ಬೀಸಿದರು. ಒಂದು ಬೆಕ್ಕು ಅವರ ಹೆಗಲನ್ನೇ ಏರಿತು. ಗದ್ದಲಕ್ಕೆ ಪೂಜೆ ಬಿಟ್ಟು ಎದ್ದು ಬಂದ ಶಂಕರಮ್ಮ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಬ್ರೀಫ್‌ಕೇಸನ್ನು ಬಾಚಿ ಎತ್ತಿಕೊಂಡು ಹೊಸಿಲು ದಾಟಿದರು.

“ಇಲ್ಲಿಟ್ರೆ ಪರಚಿ ಹಾಕ್ತವೆ. ನಾಳೆ ಮಗಳು ಏನು ಹಿಡ್ಕೊಂಡು ಹೋಗ್ಬೇಕು?”

ಉಜ್ಜನಪ್ಪ ಉಬ್ಬಿಹೋಗಿ ಹಿಂದೆಯೇ ಒಳಕ್ಕೆ ಹೊರಟರು.

“ನೀವೆಲ್ಲಿಗೆ? ಮೀನು ನಾರ್ತಿದೀರ. ಅಲ್ಲೇ ಇರಿ!”

ಬಾಗಿಲು ಮುಚ್ಚಿತು. ಅವರು ಬೆಕ್ಕುಗಳ ನಡುವೆ ಜಗಲಿಯ ಮೇಲೆ ಕೂತರು. ಒಳಗಿನಿಂದ ಶಂಕರಮ್ಮ ಮಗಳಿಗೆ ಹೇಳುತ್ತಿದ್ದದ್ದು ಕಿಟಕಿಯಲ್ಲಿ ಕೇಳಿಸಿತು:

“ಒಂದು ಹೊಲಿಗೆನಾದ್ರೂ ಸೊಟ್ಟಗಿದೆಯಾ ನೋಡೇ!”

“ಶ್!” ಎಂದು ಉಜ್ಜನಪ್ಪ ಬೆಕ್ಕುಗಳನ್ನು ಗದರಿಸಿ, ಕಿಟಕಿಯ ಹತ್ತಿರಕ್ಕೆ ಸರಿದು ಕೂತರು.